ಕಾಣದ ಕ್ಲಿಪ್ಪು

ಹಲ್ಲಿನ ಡಾಕ್ಟರಮ್ಮ ಮೇಜಿನ ಮೇಲೆ ಎರಡು ವಸ್ತು ತಂದಿಟ್ಟರು. ಒಂದು ಹಲ್ಲಿನ ಅಚ್ಚು. ಅದರ ಒಂದೊಂದು ಹಲ್ಲಿಗೂ ಪುಟ್ಟ ಲೋಹದ ತುಣುಕು ಅಂಟಿಸಿ, ಉದ್ದಕ್ಕೂ ತಂತಿ ಎಳೆದಿತ್ತು. ಇನ್ನೊಂದು ತೆಳ್ಳಗಿನ ಪ್ಲಾಸ್ಟಿಕ್ ಕವಚ, ಗಾಜಿನಷ್ಟು ತಿಳಿ. ಎದುರಿಗಿದ್ದ, ಸ್ಟುಡಿಯೋ ಇಟ್ಟುಕೊಂಡಿದ್ದ ಫೋಟೋದವನು ತಂತಿಯ ಕಡೆ ಕಣ್ಣು ಹಾಯಿಸಲೇ ಇಲ್ಲ. ಕವಚವನ್ನೆತ್ತಿ ಟ್ಯೂಬ್‌ಲೈಟಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಇದು ಹಾಕ್ಕೊಂಡ್ರೆ ಹೊರಗೆ ಕಾಣಲ್ವಾ ಡಾಕ್ಟ್ರೇ?"

"ತೀರಾ ಹತ್ತಿರ ಬಂದು ನೋಡಿದ್ರೆ ಗೊತ್ತಾಗತ್ತೆ. ಇಲ್ಲದಿದ್ರೆ ಇಲ್ಲ."

"ಹಾಗಾದ್ರೆ ಇದೇ ಆಗ್ಲಿ."

"ಸ್ವಲ್ಪ ತಾಳಿ ಸ್ವಾಮಿ, ಹಲ್ಲು ನಿಮ್ದಲ್ಲ" ಎಂದು ಡಾಕ್ಟರಮ್ಮ ನಕ್ಕು, ದೊಡ್ಡ ಕುರ್ಚಿಯಲ್ಲಿ ಒರಗಿದ್ದ ಅವನ ಮಗಳ ಕಡೆ ತಿರುಗಿದರು. "ನೋಡಮ್ಮ, ನಿನ್ನ ಕೋರೆಹಲ್ಲು ಮೇಲೆ ವಸಡಿನ ಹತ್ರ ಹತ್ತಿ ಕೂತಿದೆ. ಅದರ ಪಕ್ಕದ್ದು ಪೂರ್ತಿ ಮುಖ ತಿರುಗಿಸ್ಕೊಂಡಿದೆ. ತಂತಿ ಹಾಕಿದ್ರೆ ನನಗೆ ಹಿಡಿತ ಜಾಸ್ತಿ. ಪ್ಲಾಸ್ಟಿಕ್ಕಿಂದ ಆಗಲ್ಲ ಅಂತಲ್ಲ, ಆದ್ರೆ ಊಟದ ಹೊತ್ತು ಬಿಟ್ರೆ ಹಗಲೂ ರಾತ್ರಿ ಬಾಯಲ್ಲೇ ಇರ್ಬೇಕು. ತೆಗೆದಿಟ್ಟು ಮರೆತ್ರೆ ಹಲ್ಲು ವಾಪಸ್ ತನ್ನ ಜಾಗಕ್ಕೆ ಓಡತ್ತೆ. ದುಡ್ಡೂ ಹೆಚ್ಚು."

"ನಂಗೆ ತಂತಿನೇ ಸಾಕು" ಎಂದಳು ಹುಡುಗಿ. ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಆಗಲೇ ಕಾಲೇಜಿನ ಮೆಟ್ಟಿಲು ಹತ್ತಿದ್ದಳು. "ಛತ್ರಿನೇ ಕಳ್ಕೊಂಡು ಬರೋಳು ನಾನು. ಇದನ್ನ ಎಲ್ಲಿ ಬಿಟ್ಟು ಬರ್ತೀನೋ! ಬಾಯಿಗೇ ಕಟ್ಟಿಹಾಕಿದ್ರೆ ಚಿಂತೆ ಇಲ್ಲ."

"ನಿಂಗೇನು ಗೊತ್ತಾಗತ್ತೆ, ಸುಮ್ನಿರು" ಎಂದ ಅಪ್ಪ. "ದುಡ್ಡು ಹೆಚ್ಚಾದ್ರೆ ನಾನು ಕೊಡ್ತೀನಿ."

ಹೀಗೆ ಹೇಳುವಾಗ ಅವನಿಗೆ ತನ್ನ ಬಗ್ಗೆ ತನಗೇ ಹೆಮ್ಮೆಯಾಯಿತು ಎನ್ನುವುದನ್ನು ಮುಚ್ಚಿಡಬಾರದು. ಎಷ್ಟು ಜನ ಅಪ್ಪಂದಿರು ಹೀಗೆ ಎದೆ ತಟ್ಟಿ ದುಬಾರಿಯದನ್ನೇ ಕೇಳಿ ಕೊಡಿಸುತ್ತಾರೆ?

ಡಾಕ್ಟರಮ್ಮ ಅವಸರ ಮಾಡಲಿಲ್ಲ. ಮನೆಯಲ್ಲಿ ಕೂತು ಮಾತಾಡಿಕೊಂಡು ಬನ್ನಿ ಎಂದರು. ಹೊರಡುವಾಗ ಒಂದು ಮಾತು ಸೇರಿಸಿದರು. "ಇವಳ ಚಿಕ್ಕಂದಿನ ಫೋಟೋ ಒಂದಷ್ಟು ತನ್ನಿ. ಹಲ್ಲು ಕಾಣೋ ಹಾಗೆ ನಕ್ಕಿರೋದು. ಯಾವಾಗಿನಿಂದ ತಿರುಗಿದೆ ಅಂತ ನೋಡ್ಬೇಕು. ನಿಮ್ದೇ ಸ್ಟುಡಿಯೋ ಅಲ್ವಾ, ಫೋಟೋಗೇನು ಬರ!"

ಫೋಟೋದವನು ಚಪ್ಪಲಿ ಹುಡುಕುತ್ತಾ ಹೂಂ ಎಂದ.

ಮನೆಯಲ್ಲಿ ಅಂದು ಊಟಕ್ಕೆ ಕೂತಾಗ ಶುರುವಾಯಿತು. ಅವನ ಹೆಂಡತಿ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಇಡೀ ದಿನ ಇನ್ನೊಬ್ಬರ ಹೊಲಿಗೆಯಲ್ಲಿ ತಪ್ಪು ಹುಡುಕಿ, ಬಿಚ್ಚಿ ಮತ್ತೆ ಹೊಲಿ ಎಂದು ಹೇಳುವುದೇ ಅವಳ ಕೆಲಸ. ಮನೆಗೆ ಬಂದ ಮೇಲೂ ಆ ಕಣ್ಣು ಬೇಗ ಆರುತ್ತಿರಲಿಲ್ಲ.

"ಡಾಕ್ಟ್ರು ತಂತಿ ವಾಸಿ ಅಂತಾರೆ, ಹಾಕಿಸ್ಕೊಳ್ಳೋಳೂ ತಂತಿ ಅಂತಾಳೆ. ನಿಮ್ಮದೇನ್ರೀ ಮಧ್ಯ?"

"ಕಾಣ್ಬಾರ್ದು ಕಣೇ. ಬಾಯಿ ತೆಗೆದ್ರೆ ಕಬ್ಬಿಣದ ಗೇಟು ಕಂಡ ಹಾಗೆ ಕಾಣ್ಬಾರ್ದು."

"ಯಾರಿಗೆ ಕಾಣ್ಬಾರ್ದು?" ಎಂದಳು ಗುಬ್ಬಿ.

"ಜನಕ್ಕೆ."

"ನನ್ ಕ್ಲಾಸಲ್ಲೇ ಎಷ್ಟೋ ಜನ ಹಾಕ್ಕೊಂಡಿದಾರಪ್ಪ. ಯಾರೂ ಯಾರನ್ನೂ ನೋಡಲ್ಲ. ನೀನು ಯಾವ ಜನಾನ ಹೇಳ್ತಿದೀಯ?"

ಅವನ ತಾಯಿ ಹಲ್ಲಿನ ಸೆಟ್ಟನ್ನು ಬಟ್ಟಲಿಗೆ ಹಾಕಿ, ಬೇಳೆಯಲ್ಲಿ ಕಲಸಿದ ಅನ್ನವನ್ನು ವಸಡಿನಲ್ಲೇ ನುರಿಸುತ್ತಿದ್ದಳು. "ನಂದನ್ನ ನೋಡಿ ಕಲೀರಿ. ಬೇಕಾದಾಗ ಹಾಕ್ಕೋತೀನಿ, ಬೇಡದಾಗ ತೆಗೆದಿಡ್ತೀನಿ. ವಕ್ರ ಇಲ್ಲ, ನೋವಿಲ್ಲ. ಆ ಡಾಕ್ಟ್ರಿಗೆ ಹೇಳಿ ಎಲ್ಲಾನೂ ಕಿತ್ತು ಇಂಥದ್ದೊಂದು ಹಾಕ್ಸಿಬಿಡಪ್ಪ."

ಎಲ್ಲರೂ ನಕ್ಕರು. ಗುಬ್ಬಿ ನಗುವಾಗ ಅಭ್ಯಾಸದಂತೆ ಕೈ ಅಡ್ಡ ಹಿಡಿದಳು. ಅದು ಅಪ್ಪನ ಕಣ್ಣಿಗೆ ಬಿತ್ತು, ಇದಕ್ಕಾಗಿಯೇ ತಾನು ಹಟ ಹಿಡಿದಿರುವುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ನಿಜ ಸಂಗತಿ ಬೇರೆ ಇತ್ತು. ಅವನ ಅಂಗಡಿಯ ಗಾಜಿನ ಹಿಂದೆ, ರಸ್ತೆಯಲ್ಲಿ ಹೋಗುವ ಎಲ್ಲರಿಗೂ ಕಾಣುವ ಹಾಗೆ, ಗುಬ್ಬಿಯ ಆಳುದ್ದದ ಫೋಟೋ ಇತ್ತು. ತಲೆ ಹಿಂದಕ್ಕೆ ಚೆಲ್ಲಿ ಬಾಯ್ತುಂಬ ನಗುತ್ತಿದ್ದಾಳೆ. ಹಲ್ಲುಗಳು ಸಾಲಾಗಿ ಪೋಣಿಸಿದಂತಿವೆ. ಆ ಸಾಲನ್ನು ಪೋಣಿಸಿದವನು ಅವನೇ, ಹಿಂದಿನ ಕೋಣೆಯಲ್ಲಿ ಪರದೆ ಎಳೆದು, ಕಂಪ್ಯೂಟರಿನ ಮುಂದೆ ಕೂತು. ಹಾಲುಹಲ್ಲು ಬಿದ್ದು ಹೊಸದು ಹುಟ್ಟಿ ಅಡ್ಡಾದಿಡ್ಡಿಯಾದಾಗಿನಿಂದ ಅವಳ ಪ್ರತಿ ಫೋಟೋವನ್ನೂ ಅವನು ತಿದ್ದಿದ್ದ. ಯಾರೂ ಕೇಳಿರಲಿಲ್ಲ, ಅವಳಂತೂ ಕೇಳಿರಲೇ ಇಲ್ಲ. ಆದರೆ ಗಿರಾಕಿಗಳ ಮುಂದೆ ಅವನ ಮಾತು ಒಂದೇ: "ನಮ್ಮಲ್ಲಿ ತಿದ್ದೋದಿಲ್ಲ. ಬೆಳಕು ಕೂರಿಸೋಕೆ ಗೊತ್ತಿದ್ರೆ ತಿದ್ದೋ ಕೆಲಸವೇ ಬೇಡ." ಆ ಮಾತಿಗೇ ಅವನ ಅಂಗಡಿ ನಡೆಯುತ್ತಿತ್ತು. ಮಗಳ ಬಾಯಲ್ಲಿ ತಂತಿ ಕಂಡರೆ, ಹಾಗಾದರೆ ಗಾಜಿನ ಹಿಂದೆ ನಗುತ್ತಿರುವವಳು ಯಾರು ಎಂದು ಯಾರಾದರೂ ಕೇಳಿಯಾರು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಬೆಳಕಿನ ವ್ಯಾಪಾರ ಮಾಡುವವನ ಪಾಡೂ ಅದೇ.

ಮುಂದಿನ ವಾರ ಒಂದು ದಿನ ಅವನು ಊಟದ ಡಬ್ಬಿ ಮನೆಯಲ್ಲೇ ಮರೆತು ಹೋದ. ಮಧ್ಯಾಹ್ನ ಅಂಗಡಿಗೆ ಶಿಶುವಿಹಾರದ ಮೇಡಂ ಬಂದರು. ಶಾಲೆಯ ಮಕ್ಕಳೆಲ್ಲರ ಫೋಟೋ ತೆಗೆಸಬೇಕಿತ್ತು. ಇಡೀ ವರ್ಷದಲ್ಲಿ ಅಂಥ ಕೆಲಸ ಇನ್ನೊಂದು ಸಿಗುವುದಿಲ್ಲ.

"ಹೋದ ಸಲದವನು ಮಕ್ಕಳ ಮುಖ ಎಲ್ಲಾ ತಿದ್ದಿ ತೀಡಿ, ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡಿಟ್ಟ. ಅಪ್ಪ ಅಮ್ಮಂದ್ರು ಬಂದು ಜಗಳ ಆಡಿದ್ರು. ನಿಮ್ಮಲ್ಲಿ ಹಾಗೆ ಮಾಡಲ್ಲ ಅಂತ ಕೇಳಿ ಬಂದೆ."

"ಆ ಪದ್ಧತೀನೇ ಇಲ್ಲ ಮೇಡಂ" ಎಂದು ಅವನು ಗಾಜಿನ ಕಡೆ ಕೈ ತೋರಿಸಿದ. "ಅಲ್ನೋಡಿ. ನನ್ನ ಮಗಳು. ಒಂದು ಚುಕ್ಕೆ ಮುಟ್ಟಿಲ್ಲ."

"ಎಷ್ಟು ಚೆನ್ನಾಗಿ ನಕ್ಕಿದಾಳೆ!"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಗುಬ್ಬಿ ಒಳಗೆ ಬಂದಳು. ಅಂಗಡಿಗೆ ಕಾಲಿಡದೆ ಎಷ್ಟೋ ಕಾಲವಾಗಿತ್ತು. ಅಜ್ಜಿ ಡಬ್ಬಿ ಕೈಗೆ ಕೊಟ್ಟು ಅಟ್ಟಿದ್ದರಿಂದ ಬಂದಿದ್ದಳು. ಬಿಸಿಲಲ್ಲಿ ಬೇಗ ಬೇಗ ನಡೆದು ಏದುಸಿರು ಬಿಡುತ್ತಿದ್ದಳು, ಅಪ್ಪನ ಮರೆವಿಗೆ ನಗುತ್ತಲೇ ಬಂದಿದ್ದಳು, ಎರಡೂ ಕೈಯಲ್ಲಿ ಡಬ್ಬಿ ಇದ್ದುದರಿಂದ ಬಾಯಿಗೆ ಅಡ್ಡ ಹಿಡಿಯಲು ಕೈ ಇರಲಿಲ್ಲ.

ಮೇಡಂ ಅವಳನ್ನು ನೋಡಿದರು. ಗಾಜಿನ ಹಿಂದಿನ ಫೋಟೋ ನೋಡಿದರು. ಮತ್ತೆ ಅವಳನ್ನು ನೋಡಿದರು.

"ಮತ್ತೆ ಇವಳು?"

"ಇವಳು..." ಎಂದ ಫೋಟೋದವನು. ನಾಲಿಗೆ ಎಲ್ಲಿಂದ ಹುಡುಕಿ ತಂದಿತೋ ಆ ಮಾತನ್ನು. "ಇವಳು ನಮ್ಮಣ್ಣನ ಮಗಳು."

"ಅದಕ್ಕೇ ಮುಖ ಸ್ವಲ್ಪ ಹೋಲತ್ತೆ" ಎಂದು ಮೇಡಂ ಕೈಚೀಲದಲ್ಲಿ ಪೆನ್ನು ಹುಡುಕತೊಡಗಿದರು.

ಗುಬ್ಬಿ ಬಾಯಿ ಮುಚ್ಚಿದಳು. ಡಬ್ಬಿಯನ್ನು ಸದ್ದಾಗದ ಹಾಗೆ ಗಲ್ಲಾದ ಪಕ್ಕ ಇಟ್ಟಳು.

"ಊಟ ಬಿಸಿ ಇದೆ ಚಿಕ್ಕಪ್ಪ. ಆರೋದ್ರೊಳಗೆ ಮಾಡಿ."

ಇಷ್ಟೇ ಹೇಳಿ ಹೊರಟುಹೋದಳು. ಬಾಗಿಲನ್ನು ಧಡಾರನೆ ಬಡಿದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಹಿಡಿಕೆ ಹಿಡಿದು ಮೆಲ್ಲಗೆ ಮುಚ್ಚಿದಳು. ಮೇಡಂ ಕೆಲಸ ಒಪ್ಪಿಸಿ, ತಾರೀಖು ಹೇಳಿ ಹೋದರು. ಫೋಟೋದವನಿಗೆ ಹಸಿವಾಗಿತ್ತು. ಡಬ್ಬಿ ಬಿಚ್ಚಿ ಊಟ ಮಾಡಿದ, ಒಂದು ಅಗುಳೂ ಬಿಡಲಿಲ್ಲ. ಆಮೇಲೆ ತೊಳೆದಿಟ್ಟ ಡಬ್ಬಿ ನೋಡಿ, ಊಟ ಮಾಡಿದ್ದಕ್ಕೂ ನಾಚಿಕೆಯಾಯಿತು.

ಸಂಜೆ ಮನೆಗೆ ಹೋಗಲು ಕಾಲು ಬರಲಿಲ್ಲ. ಹೋದಾಗ ಮನೆ ಎಂದಿನಂತೆಯೇ ಇತ್ತು. ಗುಬ್ಬಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅವನ ಅಂಗಿಯನ್ನು ಮಡಿಸಿ ಅವನ ಕಡೆ ಚಾಚಿದಳು. "ತಗೊಳ್ಳಿ ಚಿಕ್ಕಪ್ಪ."

ಅಜ್ಜಿ ತಲೆ ಎತ್ತಿದಳು. "ಏನೇ ಅದು, ಚಿಕ್ಕಪ್ಪ?"

"ಹಾಗೇ ಅಜ್ಜಿ. ತಮಾಷೆಗೆ."

ತಮಾಷೆ ಮರುದಿನವೂ ನಡೆಯಿತು, ಅದರ ಮರುದಿನವೂ. ಸ್ನಾನಕ್ಕೆ ನೀರು ಬಿಟ್ಟಿದೀನಿ ಚಿಕ್ಕಪ್ಪ. ಅಮ್ಮ, ಚಿಕ್ಕಪ್ಪಂಗೆ ಇನ್ನೊಂಚೂರು ಅನ್ನ ಹಾಕು. ಅಪ್ಪನಿಗೆ ಸಲುಗೆಯಿಂದ ನೀನು ಎನ್ನುತ್ತಿದ್ದವಳು ಚಿಕ್ಕಪ್ಪನಿಗೆ ನೀವು ಎನ್ನುತ್ತಿದ್ದಳು. ಸಿಟ್ಟಿಲ್ಲ, ಸಿಡುಕಿಲ್ಲ, ಮುಖ ಊದಿಸಿಕೊಳ್ಳುವುದಿಲ್ಲ. ಮನೆಗೆ ಬಂದ ನೆಂಟನಿಗೆ ಕೊಡುವ ಮರ್ಯಾದೆಯನ್ನೆಲ್ಲ ಅಚ್ಚುಕಟ್ಟಾಗಿ ಕೊಟ್ಟಳು. ಅವನು ಒಂದೊಂದು ಸಲ ಆ ಮಾತು ಕೇಳಿದಾಗಲೂ ನೆಲ ಬಿರಿದು ನುಂಗಬಾರದೇ ಎಂದುಕೊಳ್ಳುತ್ತಿದ್ದ. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು, ಸುಮ್ಮನಿದ್ದ.

ಒಂದು ದಿನ ಅಡುಗೆಮನೆಯಲ್ಲಿ ಅವಳೊಬ್ಬಳೇ ಸಿಕ್ಕಾಗ ಹತ್ತಿರ ಹೋಗಿ ಮೆಲ್ಲಗೆ ಹೇಳಿದ: "ಗುಬ್ಬಿ, ತಂತಿನೇ ಹಾಕ್ಸೋಣ. ನಿಂಗೆ ಬೇಕಾದ್ದೇ ಆಗ್ಲಿ."

ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಬೇಡ ಚಿಕ್ಕಪ್ಪ. ಕಾಣದೇ ಇರೋದೇ ಇರ್ಲಿ. ನಿಮ್ಮ ಅಂಗಡಿಗೆ ತೊಂದ್ರೆ ಆಗ್ಬಾರ್ದು."

"ಹಾಗನ್ಬೇಡ ಮಗಳೇ."

"ನಿಮ್ಮ ಮಗಳು ಅಂಗಡೀಲಿದಾಳಲ್ಲ" ಎಂದಳು, ಮತ್ತು ನಲ್ಲಿ ದೊಡ್ಡದಾಗಿ ಬಿಟ್ಟಳು.

ಮೇಲ್ವಿಚಾರಕಿಯ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಡಾಕ್ಟರ ಬಳಿ ಹೋಗುವ ಹಿಂದಿನ ಸಂಜೆ ಊಟದ ಹೊತ್ತಿಗೆ ಅವಳು ಸೌಟು ಕೆಳಗಿಟ್ಟಳು. "ನಿಮ್ಮಿಬ್ಬರ ನಡುವೆ ಏನು ನಡೀತಾ ಇದೆ? ತಂತಿ ಅಂತ ಕುಣೀತಿದ್ದೋಳು ಈಗ ಪ್ಲಾಸ್ಟಿಕ್ಕು ಅಂತಾಳೆ. ಪ್ಲಾಸ್ಟಿಕ್ಕು ಅಂತಿದ್ದೋರು ತಂತಿ ಅಂತೀರಿ. ಡಾಕ್ಟ್ರು ಕೇಳಿದ ಹಳೇ ಫೋಟೋನೂ ತೆಗೆದಿಟ್ಟಿಲ್ಲ. ಏನ್ರೀ ಇದು?"

"ಮೊದ್ಲು ಆ ಚಿಕ್ಕಪ್ಪ ಯಾರು ಅಂತ ಹೇಳಿ" ಎಂದಳು ಅಜ್ಜಿ. "ತಮಾಷೆ ಅಂತೆ, ತಮಾಷೆ. ನಾನು ಹೆತ್ತದ್ದು ಒಬ್ಬನ್ನೇ. ಇವನಿಗೊಬ್ಬ ಅಣ್ಣ ಎಲ್ಲಿಂದ ಬಂದ? ನನಗೇ ಗೊತ್ತಿಲ್ದೆ ಯಾರು ಹೆತ್ತರು?"

ಗುಬ್ಬಿ ತಟ್ಟೆ ನೋಡುತ್ತಾ ಕೂತಿದ್ದಳು. ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಅವಳು ಕಾಯುತ್ತಿರುವುದು ಅಪ್ಪನ ಮಾನವನ್ನು ಎಂದು ಅವನಿಗೆ ಆಗ ಹೊಳೆಯಿತು. ಇಷ್ಟು ದಿನವೂ ಕಾದಿದ್ದಾಳೆ. ಅದನ್ನು ತಡೆಯಲಾಗಲಿಲ್ಲ.

"ನಾನೇ ಹೆತ್ತೆ ಅಮ್ಮ ಆ ಅಣ್ಣನ್ನ" ಎಂದ. "ಅಂಗಡೀಲಿ, ಗಿರಾಕಿ ಮುಂದೆ."

ಎಲ್ಲವನ್ನೂ ಹೇಳಿದ. ಗಾಜಿನ ಹಿಂದಿನ ಫೋಟೋ ತಿದ್ದಿದ್ದು, ಅದನ್ನು ತೋರಿಸಿ ನನ್ನ ಮಗಳು ಎಂದದ್ದು, ನಿಜವಾದ ಮಗಳು ಬಿಸಿಲಲ್ಲಿ ಡಬ್ಬಿ ಹಿಡಿದು ಎದುರು ನಿಂತಾಗ ಅಣ್ಣನ ಮಗಳು ಎಂದದ್ದು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಅನ್ನ ಕಲಸುತ್ತಲೇ ಇದ್ದ, ತುತ್ತು ಎತ್ತಲಿಲ್ಲ.

ಬೈಗುಳ ಬರುತ್ತದೆಂದು ಕಾದ. ಬರಲಿಲ್ಲ. ಹೆಂಡತಿ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು.

"ಅವಳ ಹಲ್ಲು ತಿದ್ತಿದ್ದದ್ದು ನಂಗೊತ್ತಿತ್ತು. ಹೆತ್ತೋಳಿಗೆ ಗೊತ್ತಾಗಲ್ವಾ? ಪ್ರೀತಿಯಿಂದ ಮಾಡ್ತಿದಾರೆ ಅಂದ್ಕೊಂಡಿದ್ದೆ." ಆಮೇಲೆ ಗೋಡೆಯ ಮೇಲಿದ್ದ ಮದುವೆ ಫೋಟೋ ಕಡೆ ಗದ್ದ ಎತ್ತಿದಳು. "ಅದರಲ್ಲಿ ನಂದೇನು ತಿದ್ದಿದೀರಿ?"

ಅವನೂ ಅತ್ತ ನೋಡಿದ. ಫೋಟೋದಲ್ಲಿ ಅವಳ ಮುಖ ಒಂದು ಬಣ್ಣ, ತೋಳು ಇನ್ನೊಂದು ಬಣ್ಣ. ಇಷ್ಟು ವರ್ಷ ಅದರ ಕೆಳಗೇ ಕೂತು ಉಂಡಿದ್ದರು.

"ತೋಳು ಮರ್ತುಬಿಟ್ಟಿದೀರಿ" ಎಂದಳು ಅವಳು. "ನಮ್ಮ ಕಾರ್ಖಾನೇಲಿ ಆಗಿದ್ರೆ ವಾಪಸ್ ಕಳಿಸ್ತಿದ್ದೆ."

"ನಂದು?" ಎಂದಳು ಅಜ್ಜಿ. "ನನ್ ಫೋಟೋಗೆ ಏನ್ ಮಾಡ್ದೆ?"

"ನಿಂದೇನೂ ಮುಟ್ಟಿಲ್ಲಮ್ಮ."

"ಯಾಕೋ? ನಾನೇನ್ ಪಾಪ ಮಾಡಿದ್ದೆ?"

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಗುಬ್ಬಿಯ ತುಟಿ ಒಂದಿಷ್ಟು ಅಲುಗಿತು, ಅಷ್ಟೇ. ಎದ್ದು ತಟ್ಟೆ ತೊಳೆಯಲು ಹೋದಳು. ಹೋಗುವಾಗ ಅವನ ಲೋಟಕ್ಕೆ ನೀರು ತುಂಬಿಸಿ ಹೋದಳು.

ಮರುದಿನ ಡಾಕ್ಟರಮ್ಮ ಕೈ ಚಾಚಿದರು. "ಫೋಟೋ ಎಲ್ಲಿ?"

"ಇಲ್ಲ ಡಾಕ್ಟ್ರೇ" ಎಂದ ಫೋಟೋದವನು. "ಇರೋದೆಲ್ಲ ನಾನು ತಿದ್ದಿರೋದು. ಇವಳ ಹಲ್ಲು ಇದ್ದ ಹಾಗೆ ಇರೋ ಫೋಟೋ ಒಂದೂ ನನ್ನ ಹತ್ರ ಇಲ್ಲ."

ಡಾಕ್ಟರಮ್ಮನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ನಕ್ಕರು. "ಪರವಾಗಿಲ್ಲ ಬಿಡಿ, ಎಕ್ಸ್-ರೇ ಇದೆಯಲ್ಲ. ನಾನು ವರ್ಷಗಟ್ಟಲೆ ಒದ್ದಾಡಿ ಮಾಡೋದನ್ನ ನೀವು ಕೂತಲ್ಲೇ ಮಾಡಿ ಮುಗಿಸ್ತೀರಿ. ನನ್ನ ಕೆಲಸಕ್ಕೇ ಸಂಚಕಾರ!" ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು, ಆದರೂ ಅವನ ಕಿವಿ ಬಿಸಿಯಾಯಿತು. ಹೆಂಡತಿ ಕಿಟಕಿಯ ಕಡೆ ನೋಡಿದಳು.

"ಏನಮ್ಮ, ಯಾವುದು ಅಂತ ತೀರ್ಮಾನ ಆಯ್ತಾ?"

ಗುಬ್ಬಿ ಅಪ್ಪನ ಕಡೆ ನೋಡಿದಳು. ಅವನು ಹೌದು, ಇಲ್ಲ ಅನ್ನುವ ಹಕ್ಕು ಕಳೆದುಕೊಂಡವನ ಹಾಗೆ ತಲೆ ತಗ್ಗಿಸಿ ನಿಂತಿದ್ದ.

"ತಂತಿ" ಎಂದಳು.

ತಂತಿ ಬಿಗಿದ ಮೇಲೆ ಬಾಯಿ ಹುಣ್ಣಾಯಿತು. ಒಳತುಟಿ ಕೊರೆಯಿತು. ಬ್ರೆಡ್ಡಿನ ಅಂಚು ಕಚ್ಚಿದರೂ ಕಣ್ಣಲ್ಲಿ ನೀರು. ಅಜ್ಜಿಗೆ ಮಾತ್ರ ಹಬ್ಬ. ಮನೆಯಲ್ಲಿ ತನ್ನ ಹಾಗೆ ಮೆತ್ತಗಿನದನ್ನೇ ಉಣ್ಣುವ ಜೊತೆ ಸಿಕ್ಕಿತಲ್ಲ. ಗುಬ್ಬಿಯ ಅನ್ನ ಹಿಸುಕುವ ಕೆಲಸವನ್ನು ಅವನು ತಾನಾಗಿ ವಹಿಸಿಕೊಂಡ. ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ, ಎಲ್ಲವನ್ನೂ ತಟ್ಟೆಗೆ ಹಾಕಿ ಚಮಚದ ಬೆನ್ನಿನಿಂದ ನುಣ್ಣಗೆ ಅರೆದು ಅವಳ ಮುಂದಿಡುತ್ತಿದ್ದ. ಅವಳು ಸುಮ್ಮನೆ ತಿನ್ನುತ್ತಿದ್ದಳು. ಈಗ ಚಿಕ್ಕಪ್ಪ ಎನ್ನುವುದನ್ನು ಬಿಟ್ಟಿದ್ದಳು. ಅಪ್ಪ ಎಂದೂ ಅನ್ನಲಿಲ್ಲ. ಏನೆಂದೂ ಕರೆಯದೆ, ಉಪ್ಪು ಬೇಕು, ನೀರು ಬೇಕು ಎಂದಷ್ಟೇ ಹೇಳುತ್ತಿದ್ದಳು. ಚಿಕ್ಕಪ್ಪ ಎನ್ನುತ್ತಿದ್ದಾಗಲೇ ವಾಸಿಯಿತ್ತೇನೋ ಎಂದು ಅವನಿಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಗಾಜಿನ ಹಿಂದಿನ ಫೋಟೋ ಇಳಿಸಿದ. ಅದರ ಜಾಗದಲ್ಲಿ ಏನು ಹಾಕಬೇಕೆಂದು ತಿಳಿಯದೆ ಖಾಲಿ ಬಿಟ್ಟ. ಶಿಶುವಿಹಾರದ ಮಕ್ಕಳ ಫೋಟೋಗಳನ್ನು ತೆಗೆದು, ಸಿಂಬಳ ಸೋರುವ ಮೂಗು, ಹಣೆಯ ಗಾಯ, ಬಿದ್ದ ಹಲ್ಲಿನ ಸಂದಿ, ಎಲ್ಲವನ್ನೂ ಇದ್ದ ಹಾಗೇ ಬಿಟ್ಟು ಪ್ರಿಂಟು ಹಾಕಿದ. ಕೈ ತಿದ್ದಲು ತುರಿಸುತ್ತಿತ್ತು, ಬೆನ್ನ ಹಿಂದೆ ಕಟ್ಟಿಕೊಂಡು ಕೂತ.

ಮೇಡಂ ಫೋಟೋ ಒಯ್ಯಲು ಬಂದ ದಿನ ಅವನು ಬೆಳಗಿನಿಂದ ಮಾತು ಕೂಡಿಸುತ್ತಿದ್ದ. ಅವರು ಒಂದೊಂದೇ ಫೋಟೋ ನೋಡಿ ಮೆಚ್ಚಿಕೊಂಡು, ಕಟ್ಟು ಎತ್ತಿಕೊಂಡು ಹೊರಡುವಾಗ ಹೇಳಿದ: "ಮೇಡಂ, ನಿಮಗೊಂದು ಸುಳ್ಳು ಹೇಳಿದ್ದೆ. ಅವತ್ತು ಇಲ್ಲಿದ್ದ ದೊಡ್ಡ ಫೋಟೋ ತಿದ್ದಿರೋದು. ಮತ್ತೆ... ಅವತ್ತು ಡಬ್ಬಿ ತಂದ ಹುಡುಗಿ ನಮ್ಮಣ್ಣನ ಮಗಳಲ್ಲ. ನನಗೆ ಅಣ್ಣನೇ ಇಲ್ಲ. ಅವಳೇ ನನ್ನ ಮಗಳು."

ಮೇಡಂ ಕಣ್ಣು ಕಿರಿದು ಮಾಡಿ ನೆನಪಿಸಿಕೊಳ್ಳಲು ನೋಡಿದರು.

"ಡಬ್ಬಿ ತಂದ ಹುಡುಗೀನಾ? ಯಾವ ಹುಡುಗಿ?" ಎಂದರು. "ನನಗೆ ನೆನಪೇ ಇಲ್ವಲ್ಲ. ಇರ್ಲಿ ಬಿಡಿ, ನಮ್ಮ ಮಕ್ಕಳದ್ದು ಚೆನ್ನಾಗಿ ಬಂದಿದೆ."

ಅವರು ಹೋದ ಮೇಲೆ ಅವನು ಬಹಳ ಹೊತ್ತು ನಿಂತೇ ಇದ್ದ. ಯಾರ ಕಣ್ಣಿಗೆ ಹೆದರಿ ಮಗಳನ್ನು ಮಗಳಲ್ಲ ಎಂದಿದ್ದನೋ, ಆ ಕಣ್ಣಲ್ಲಿ ಅವಳು ಒಂದು ಗಳಿಗೆಯೂ ನಿಂತಿರಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದು, ಗುಬ್ಬಿಯ ತಟ್ಟೆ ತೆಗೆದುಕೊಂಡು ಅನ್ನ ಹಿಸುಕಲು ಕೂತ. ಅವಳು ಎದುರಿಗೆ ಕೂತಳು. ಅಡುಗೆಮನೆಯಲ್ಲಿ ಹೆಂಡತಿ, ಬಾಗಿಲ ಬಳಿ ಅಜ್ಜಿ.

"ಇವತ್ತು ಆ ಶಿಶುವಿಹಾರದ ಮೇಡಂ ಬಂದಿದ್ರು" ಎಂದ. "ಹೇಳ್ದೆ. ಅವತ್ತು ಬಂದಿದ್ದೋಳು ನನ್ನ ಮಗಳು ಅಂತ."

"ಏನಂದ್ರು?"

"ಅವರಿಗೆ ನೆನಪೇ ಇಲ್ವಂತೆ."

ಗುಬ್ಬಿ ಮಾತಾಡಲು ಬಾಯಿ ತೆರೆದಳು. ತಂತಿ, ಲೋಹದ ತುಣುಕುಗಳು, ಮೇಲೆ ಹತ್ತಿ ಕೂತ ಕೋರೆಹಲ್ಲು, ಎಲ್ಲವೂ ಕಂಡವು. ಅವಳು ಕೈ ಅಡ್ಡ ಹಿಡಿಯಲಿಲ್ಲ.

"ನನಗಿದೆ ಅಪ್ಪ" ಎಂದಳು.

ಇಷ್ಟು ದಿನ ಅವನು ಕಿವಿ ತೆರೆದು ಕಾದಿದ್ದು ಅಪ್ಪ ಎನ್ನುವ ಆ ಒಂದು ಮಾತಿಗೆ. ಅವನು ತಲೆ ಎತ್ತಲಿಲ್ಲ. ಅನ್ನ ಆಗಲೇ ನುಣ್ಣಗಾಗಿತ್ತು, ಆದರೂ ಹಿಸುಕುತ್ತಲೇ ಇದ್ದ.